ಮಿಲ್ಲಿನ ಯಂತ್ರ ಮಾರಿದವನ ದೀಪ

ಪ್ರೀತಿಯ ಮಾವ,

ನಿಮ್ಮ ಟೇಬಲ್ ಲ್ಯಾಂಪ್ ಈಗ ನನ್ನ ಮೇಜಿನ ಮೇಲಿದೆ. ಕೇಳದೆ ತಂದುಕೊಂಡೆ. ಕೇಳುವುದಾದರೂ ಯಾರನ್ನು? ಒಂದು ಬೆರಳಿನಿಂದ ತಳ್ಳಿದರೆ ಸಾಕು, ಸ್ಪ್ರಿಂಗಿನ ತೋಳು ಬಾಗಿ ಬಿಟ್ಟಲ್ಲಿಯೇ ನಿಲ್ಲುತ್ತದೆ.

ಆಯುಧಪೂಜೆಯ ದಿನ ಈ ಪರದೇಶದ ಊರು ಶುಗರ್ ಲ್ಯಾಂಡಿನ ಮನೆಯಲ್ಲಿ ನಾವೆಲ್ಲ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರೆ, ನೀವು ಈ ಲ್ಯಾಂಪಿಗೆ ಕುಂಕುಮ ಹಚ್ಚುತ್ತಿದ್ದಿರಿ. "ಇದನ್ನ ಕಂಡುಹಿಡಿದ ನಾರ್ವೆದಾಂವ ನಮ್ಮಾಂವ! ಬಟ್ಟಿ ಮಿಲ್ಲಿನ ಮಷಿನ್ ತರಿಸಿ ಮಾರಾಂವ. ಡಿಸೈನರ್ ಅಲ್ಲ, ಎಂಜಿನಿಯರ್!" ನಮ್ಮ ಅನು, "ಅಜ್ಜಾ, ಯು ಸೇ ದಿಸ್ ಎವ್ರಿ ಇಯರ್" ಎಂದರೆ, "ಮುಂದಿನ ವರ್ಷಾನೂ ಹೇಳ್ತೀನಿ, ಕೇಳ" ಎನ್ನುತ್ತಿದ್ದಿರಿ. ಮೂವತ್ತು ವರ್ಷ ಬಟ್ಟೆ ಮಿಲ್ಲಿನಲ್ಲಿ ದುಡಿದ ನಿಮಗೆ ಜಗತ್ತಿನ ಆ ತುದಿಯಲ್ಲೊಬ್ಬ ನೆಂಟ ಸಿಕ್ಕಿದ್ದ.

ನಲವತ್ತೇಳನೆಯ ವಯಸ್ಸಿಗೆ ಎಂ.ಎ. ಸೇರಲೇ, ವಿನ್ಯಾಸದ ಇತಿಹಾಸ ನನಗೇನು ಗೊತ್ತು ಎಂದು ಅಳುಕಿದಾಗ ನಕ್ಕವರೂ ನೀವೇ. "ದಿನಾ ಕವನ ಓದಿಕೋತ ಕೂಡಾಕಿ ನೀ, ಒಂದು ಲ್ಯಾಂಪಿನ ಮ್ಯಾಲೆ ಬರೀಲಿಕ್ಕೆ ಆಗೂದಿಲ್ಲೇನವಾ?" ನನ್ನ ಪ್ರಬಂಧ ಈ ಲ್ಯಾಂಪಿನ ಮೇಲೆಯೇ, ನಿಮ್ಮ ಮಾತಿನಿಂದಲೇ ಆರಂಭವಾಯಿತು.

ಆದರೆ ಮಾವ, ಆಸ್ಟಿನ್ನಿನ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ನನ್ನ ಪೆನ್ನು ನಿಂತುಹೋಯಿತು. ಸ್ಪ್ರಿಂಗಿನ ಆ ಉಪಾಯ ನಾರ್ವೆಯವನದಲ್ಲ. ಇಂಗ್ಲೆಂಡಿನಲ್ಲಿ ಕಾರು ಕುಲುಕದಂತೆ ತಡೆಯುವ ಸಸ್ಪೆನ್ಷನ್ ಮಾಡುತ್ತಿದ್ದ ಎಂಜಿನಿಯರ್ ಒಬ್ಬನದು. ಅಲ್ಲಿಂದ ಬಂದ ಯಂತ್ರಗಳ ಜೊತೆ ಅಂಥದೊಂದು ದೀಪ ನಾರ್ವೆಯ ನಿಮ್ಮ ನೆಂಟನ ಕೈಸೇರಿತ್ತು. ಅವನು ಅದರ ಹಕ್ಕು ಪಡೆದು, ತಿದ್ದಿ, ತನ್ನದೇ ರೂಪ ಕೊಟ್ಟ. ನಿಮಗೆ ಇದು ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೂ...

ಊಟದ ಹೊತ್ತಿಗೆ ಗಿರೀಶರಿಗೆ ಹೇಳಿದೆ. ನಿಮ್ಮ ಮಗ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅಪ್ಪಾ ಹೋಗಿ ಇನ್ನೂ ವರ್ಷ ಆಗಿಲ್ಲ. ಈಗ ಅವರ ತಪ್ಪು ತಗೀಬೇಕೇನ? ಆ ಸಾಲು ಬಿಟ್ಟಬಿಡು, ಯಾರು ಕೇಳ್ತಾರ?"

ಎರಡು ವಾರ ಆ ಸಾಲು ಬಿಟ್ಟೂ ನೋಡಿದೆ. ಅನುವಿನ ಹೋಂವರ್ಕಿನಲ್ಲಿ ಉತ್ತರ ಸರಿಯಿದ್ದರೂ, ಲೆಕ್ಕ ಬಿಡಿಸಿದ ದಾರಿ ಕಾಣದಿದ್ದರೆ ಹಾಳೆ ಹಿಂತಿರುಗಿಸುತ್ತಿದ್ದವರು ನೀವು. ಬೇರೆ ಯಾರೂ ಕೇಳದಿದ್ದರೂ ನೀವು ಕೇಳುತ್ತಿದ್ದಿರಿ. ಬರೆದೆ.

ಕಳೆದ ಶುಕ್ರವಾರ ಪ್ರಬಂಧ ಮಂಡಿಸಲು ಆಸ್ಟಿನ್ನಿನಲ್ಲಿ ಮೂವರು ಅಧ್ಯಾಪಕರ ಮುಂದೆ ನಿಂತೆ. ಮೊದಲು ನಿಮ್ಮ ಕಥೆಯನ್ನು ನೀವು ಹೇಳಿದ ಹಾಗೆಯೇ ಹೇಳಿದೆ. ಆಮೇಲೆ ಅದು ತಪ್ಪಿದ್ದೆಲ್ಲಿ ಎಂಬುದನ್ನು. "ಹಾಗಾದರೆ ನಿಮ್ಮ ಮಾವ ಹೇಳಿದ್ದರಲ್ಲಿ ಉಳಿದದ್ದೇನು?" ಎಂದರು ಒಬ್ಬರು. "ಆ ನಾರ್ವೆಯವನು ಯಂತ್ರದ ಮನುಷ್ಯ ಎಂಬುದು. ಯಂತ್ರಗಳ ನಡುವೆ ಬಂದ ಒಂದು ದೀಪದ ಬೆಲೆ ತಿಳಿಯಲು ಆ ಕಣ್ಣೇ ಬೇಕಿತ್ತು. ನನ್ನ ಮಾವನಿಗೂ ಅದೇ ಕಣ್ಣಿತ್ತು" ಎಂದೆ.

ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಗಿರೀಶ್! ಮೂರು ಗಂಟೆ ಡ್ರೈವ್ ಮಾಡಿಕೊಂಡು, ಒಂದು ಮಾತೂ ಹೇಳದೆ ಬಂದಿದ್ದರು. ಹೊರಗೆ ಬಂದಾಗ, "ಅಪ್ಪಾ ಇದ್ದಿದ್ರ ನಿನ್ನ ಜೋಡಿ ಜಗಳಾ ಆಡ್ತಿದ್ರು" ಎಂದರು.

"ಆಡಲಿ, ಪುಟ ತೆಗೆದು ತೋರಿಸ್ತಿದ್ದೆ" ಎಂದೆ. ಅವರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಪಾಸಾದೆ, ಮಾವ. ಪ್ರಬಂಧದ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ, ನಲವತ್ತೊಂದನೆಯ ಪುಟದಲ್ಲಿ ನಿಮ್ಮ ತಪ್ಪಿದೆ. ಎರಡನ್ನೂ ತೆಗೆಯುವುದಿಲ್ಲ.

ನಿಮ್ಮ ಸೊಸೆ,
ವಸುಧಾ