ಮೂರು ಫ್ಯಾನಿನ ಕಾರ್ಡ್ ಕೊಳ್ಳಬೇಡಿ, ಮುತ್ಯಾ

ಸ್ವಸ್ತಿಶ್ರೀ ಸಮಸ್ತ ವಿಡಿಯೋ ಸಾಮ್ರಾಜ್ಯ ಸಾರ್ವಭೌಮ, ಮದುವೆ-ಸೀಮಂತ-ಗೃಹಪ್ರವೇಶ ದೃಶ್ಯ ಕತ್ತರಿಸುವುದರಲ್ಲಿ ಅಪ್ರತಿಮ ಧುರಂಧರ, ಧಾರವಾಡ ಪುರವರಾಧೀಶ್ವರ, ಬಾಡಿಗೆಯ ಏಕಕೋಣೆ ಚಕ್ರವರ್ತಿ, ತಡಕೋಡ ವಂಶವೆಂಬ ಹಾಲ್ಗಡಲಿನ ಹುಣ್ಣಿಮೆ ಚಂದ್ರ, ಇಪ್ಪತ್ತಾರರ ಹರೆಯದ ಪರಮಪೂಜ್ಯ ಗುರುಸಿದ್ಧ ಮುತ್ಯಾನವರ ಪಾದಾರವಿಂದಗಳಿಗೆ, ತಮ್ಮ ಮೊಮ್ಮಗನ ಮರಿಮಗಳ ಮೊಮ್ಮಗನ ಮರಿಮಗಳಾದ ಕಮಲವ್ವ ತಡಕೋಡ ಮಾಡುವ ಶರಣು ಶರಣಾರ್ಥಿಗಳು.

ಇಸವಿ ೨೩೧೪, ಆಶ್ವೀಜ ಶುದ್ಧ ಒಂಬತ್ತೂವರೆ, ನಡುದಿನ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನವಮಿಗೂ ದಶಮಿಗೂ ನಡುವೆ ನಮ್ಮ ಕಾಲದವರು ಒಂದು ದಿನ ತುರುಕಿದ್ದಾರೆ. ಅವತ್ತು ಊರಿಗೆ ಊರೇ ಸುಮ್ಮನೆ ಕೂತು ತಣ್ಣಗಾಗಬೇಕು. ಅದಕ್ಕೆ ನಡುದಿನ ಎನ್ನುತ್ತೇವೆ. ನನ್ನ ಬರಹದಲ್ಲಿ ನೀವು ಕೇಳಿರದ ಇಂಥ ಮಾತುಗಳು ಇನ್ನೂ ಬಂದಾವು, ಕ್ಷಮಿಸಬೇಕು. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ನಿಮ್ಮ ತಂಗಿ ಗಂಗವ್ವ ಮಕ್ಕಳಿಗೆಂದು ಹೇಳಿ ಧ್ವನಿ ಮುದ್ರಿಸಿಟ್ಟ ಕಥೆಗಳಿಂದ. ಆ ಕಥೆಗಳ ಗತಿ ಏನಾಗಿದೆ ಎಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಈ ಕಾಗದ ನಿಮಗೆ ತಲುಪುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಅದರಲ್ಲಿ ರಾಜಕೀಯ, ಲಾಟರಿ, ಯಾರು ಯಾವಾಗ ಸಾಯುತ್ತಾರೆ ಎಂಬುದನ್ನೆಲ್ಲ ಬರೆಯುವಂತಿಲ್ಲ. ಮನೆಯ ಸಾಮಾನಿನ ವಿಷಯ ಎಷ್ಟು ಬೇಕಾದರೂ ಬರೆಯಬಹುದು. ಪುಣ್ಯಕ್ಕೆ ನಮ್ಮ ಮನೆತನದ ಕಷ್ಟವೆಲ್ಲ ಒಂದೇ ಒಂದು ಸಾಮಾನಿನದು.

ನಾಳೆ ನೀವು ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ತರಲು ಅಂಗಡಿಗೆ ಹೋಗುತ್ತೀರಿ. ಸದ್ದು ಮಾಡದಂಥದ್ದು ತರುತ್ತೇನೆ ಎಂದು ಗಂಗವ್ವನಿಗೆ ಮಾತು ಕೊಟ್ಟಿದ್ದೀರಿ, ಏಕೆಂದರೆ ನೀವು ವಿಡಿಯೋ ಕತ್ತರಿಸುವುದೂ ಆಕೆ ಕಥೆ ಹೇಳಿ ಧ್ವನಿ ಮುದ್ರಿಸುವುದೂ ಅದೇ ಒಂದು ಕೋಣೆಯಲ್ಲಿ. ಹೋಗುವಾಗ ನಿಮ್ಮ ಮನಸ್ಸಿನಲ್ಲಿ ಸಣ್ಣ ಕಾರ್ಡೇ ಇರುತ್ತದೆ. ಅಂಗಡಿಯವನು ಅದನ್ನು ಗಾಜಿನ ಮೇಲೆ ಇಡುತ್ತಾನೆ. ಆಮೇಲೆ ಸುಮ್ಮನೆ ತೋರಿಸುತ್ತೇನೆ ಎಂದು ಅದರ ಪಕ್ಕದಲ್ಲಿ ಮೂರು ಫ್ಯಾನಿನ, ಮೈತುಂಬ ದೀಪ ಮಿನುಗುವ, ಇಟ್ಟಿಗೆಯಂಥ ಇನ್ನೊಂದನ್ನು ಇಡುತ್ತಾನೆ. ನೀವು ಅದನ್ನು ನೋಡುತ್ತೀರಿ. ಕೈಯಲ್ಲಿ ಎತ್ತಿ ತೂಕ ನೋಡುತ್ತೀರಿ. ಆಮೇಲೆ, ಇನ್ನೂರ ತೊಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿ ಮಂತ್ರದಂತೆ ಹೇಳಿಕೊಂಡು ಬಂದಿರುವ ಆ ಮಾತು ಆಡುತ್ತೀರಿ: "ಇರ್ಲಿ ಬಿಡ್ರಿ, ಮುಂದಕ್ಕ ಬೇಕಾಗತೈತಿ."

ಮುತ್ಯಾ, ಆ ಮುಂದಕ್ಕ ಎಂಬುದು ನಾನು. ಮುಂದಿನಿಂದಲೇ ಬರೆಯುತ್ತಿದ್ದೇನೆ. ಬೇಕಾಗಿಲ್ಲ.

ನಾವಿರುವುದು ಧಾರವಾಡದ ಗೂಡೋಣಿಯೊಂದರಲ್ಲಿ. ಮಲಗಿದ ಓಣಿಯನ್ನು ಎತ್ತಿ ನಿಲ್ಲಿಸಿದರೆ ಗೂಡೋಣಿ: ಮನೆಯ ಮೇಲೆ ಮನೆ, ಅದರ ಮೇಲೆ ಇನ್ನೊಂದು, ನಡುವೆ ಶೇಂಗಾ ಸಿಪ್ಪೆ ಒತ್ತಿ ಮಾಡಿದ ಗೋಡೆ. ತಂಪಾಗಿರುತ್ತದೆ, ನಿಜ. ಆದರೆ ಪಕ್ಕದ ಮನೆಯ ಕಾಕಾ ಆಕಳಿಸಿದರೆ ನಮಗೆ ನಿದ್ದೆ ಬರುತ್ತದೆ. ಹಾಗಾಗಿ ಹುಣ್ಣಿಮೆಯಿಂದ ಹುಣ್ಣಿಮೆಗೆ ಮನೆಗಿಷ್ಟು ಎಂದು ಸದ್ದನ್ನು ಅಳೆದು ಕೊಡುತ್ತಾರೆ, ನಿಮ್ಮ ಕಾಲದ ರೇಷನ್ ಅಕ್ಕಿಯಂತೆ. ಅದಕ್ಕೆ ಸದ್ದುಪಡಿ ಎಂದು ಹೆಸರು. ಯಾರು ಎಷ್ಟು ಖರ್ಚು ಮಾಡಿದರು ಎಂದು ನೋಡಿಕೊಳ್ಳಲು ಪ್ರತಿ ಮನೆಯ ಒಂದು ಗೋಡೆಗೆ ಕಿವಿ ಇದೆ. ಈ ಕಿವಿಗೋಡೆ ಮೊದಲು ಹಸಿರಾಗಿರುತ್ತದೆ, ಪಡಿ ಕರಗಿದಂತೆ ಹಳದಿಯಾಗುತ್ತದೆ, ಮುಗಿದರೆ ಕೆಂಪಾಗಿ ದೀಪ ನೀರು ಎರಡನ್ನೂ ನಿಲ್ಲಿಸುತ್ತದೆ. ನಾವು ಹೇಗೆ ಉಳಿತಾಯ ಮಾಡುತ್ತೇವೆಂದರೆ, ಚಹಾವನ್ನು ಸೊರ್ ಎನ್ನದೆ ಕುಡಿಯುತ್ತೇವೆ. ಜೋಳದ ರೊಟ್ಟಿ ಬಡಿಯುವುದಕ್ಕೂ ಪಡಿ ಬೇಕು, ಆದ್ದರಿಂದ ರೊಟ್ಟಿ ನಮಗೆ ಹಬ್ಬದಡುಗೆ; ಮಿಕ್ಕ ದಿನ ಸದ್ದಿಲ್ಲದೆ ಲಟ್ಟಿಸಿದ ಚಪಾತಿ. ಜಗಳವನ್ನು ಕಣ್ಣಿನಲ್ಲೇ ಆಡುತ್ತೇವೆ, ಆ ವಿದ್ಯೆಯಲ್ಲಿ ನಮ್ಮ ಓಣಿಯ ಹೆಂಗಸರನ್ನು ಮೀರಿಸುವವರಿಲ್ಲ.

ಹೀಗೆ ಹೊಟ್ಟೆ ಬಾಯಿ ಕಟ್ಟಿ ಉಳಿಸಿದ್ದೆಲ್ಲ ಪ್ರತಿ ವರ್ಷ ಎಲ್ಲಿಗೆ ಹೋಗುತ್ತದೆ ಬಲ್ಲಿರಾ? ನಿಮ್ಮ ಕಾರ್ಡಿಗೆ. ಅದನ್ನು ತಂದ ವರ್ಷ ಖಂಡೇನವಮಿಯ ಆಯುಧಪೂಜೆಯಲ್ಲಿ ನೀವು ಅದಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಫ್ಯಾನು ಮೂರೂ ಭರ್ರೆಂದು ತಿರುಗುತ್ತಿರುವಾಗಲೇ ಆರತಿ ಬೆಳಗುತ್ತೀರಿ. ಅವತ್ತಿನಿಂದ ನಮ್ಮ ಮನೆತನಕ್ಕೆ ಎರಡು ಕಟ್ಟಳೆ ಬಿದ್ದಿವೆ. ಅವನ್ನು ನಮ್ಮ ಆಯಿ, ಅಂದರೆ ನನ್ನ ಅಜ್ಜಿ ಶಿವಗಂಗವ್ವ, ಒಂದೇ ಉಸಿರಿನಲ್ಲಿ ಹೇಳುತ್ತಾರೆ: "ಪೂಜಿ ಮಾಡಿದ್ದನ್ನ ಹೊರಗ ಒಗೀಬಾರದು, ನಿಂತಿದ್ದಕ್ಕ ಪೂಜಿ ಮಾಡಬಾರದು." ಹೀಗಾಗಿ ವರ್ಷಕ್ಕೊಮ್ಮೆ ಅದನ್ನು ಚಾಲೂ ಮಾಡಲೇಬೇಕು. ಮಾಡಿದಾಗ ಮನೆಯ ದೀಪಗಳೆಲ್ಲ ಮಂಕಾಗುತ್ತವೆ, ಮೇಲಿನ ಮನೆಯವರಿಗೆ ನೀರು ಏರುವುದಿಲ್ಲ, ಕಿವಿಗೋಡೆ ಹಸಿರಿನಿಂದ ಹಳದಿಗೆ ಓಡುತ್ತದೆ. ನಿಮ್ಮ ಕಾಲದ ಉಳಿದ ಸಾಮಾನೆಲ್ಲ ಎಂದೋ ಮಣ್ಣಾಯಿತು. ಈ ಕಾರ್ಡಿಗೆ ಮೂರೇ ವರ್ಷದ ಗ್ಯಾರಂಟಿ ಎಂದು ಡಬ್ಬಿಯ ಮೇಲೆ ಬರೆದಿತ್ತಂತೆ. ಇಷ್ಟು ದೊಡ್ಡ ಸುಳ್ಳನ್ನು ನಾನು ಓದಿದ್ದಿಲ್ಲ.

ಈ ವರ್ಷ ಸಂಕಟ ಹೆಚ್ಚು. ನನ್ನ ಅಣ್ಣ ಬಸವಂತನಿಗೆ ಹೆಣ್ಣುಕೂಸು ಹುಟ್ಟಿದೆ. ನಾಳೆ ದಶಮಿಗೆ ತೊಟ್ಟಿಲು, ಹೆಸರಿಡುವುದು. ಸೋದರತ್ತೆ ನಾನೇ. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಹೆಂಗಸರೆಲ್ಲ ಸೇರಿ ಸೋದರತ್ತೆಯ ಬೆನ್ನಿಗೆ ಗುದ್ದುವುದು, ಆಮೇಲೆ ಜೋಗುಳ, ಗುಗ್ಗರಿ. ಇದೆಲ್ಲ ಸದ್ದಿನ ಕೆಲಸ. ನನ್ನ ಹೆಸರಿಟ್ಟ ವರ್ಷವೂ ಹೀಗೇ ಖಂಡೇನವಮಿ ಎದುರಿಗೆ ಬಂದು, ನಿಮ್ಮ ಕಾರ್ಡು ಎಲ್ಲ ನುಂಗಿ, ನಮ್ಮತ್ತೆ ಪಾಪ ಕೈಸನ್ನೆಯಲ್ಲಿ ನನ್ನ ಹೆಸರಿಟ್ಟಳು. ಕಮಲ ಎಂದು ತೋರಿಸಲು ಎರಡೂ ಅಂಗೈ ಕೂಡಿಸಿ ಅರಳಿಸಿದಳು. ಹಿಂದಿನ ಸಾಲಿನವರಿಗೆ ಅದು ಉಳ್ಳಾಗಡ್ಡಿಯಂತೆ ಕಂಡಿತು. ಇವತ್ತಿಗೂ ನಮ್ಮ ಓಣಿಯ ಅರ್ಧ ಜನ ನನ್ನನ್ನು ಉಳ್ಳಾಗಡ್ಡಿ ಎಂದೇ ಕರೆಯುತ್ತಾರೆ. ಇದನ್ನು ಕೇಳುತ್ತಲೇ ಈ ಮನೆಗೆ ಬಂದ ಅಣ್ಣನ ಹೆಂಡತಿ, ನಮ್ಮ ವೈನಿ, ಮೊನ್ನೆ ಆಯಿಯ ಮುಂದೆ ಕೂತು ಮೆಲ್ಲಗೆ ಅಂದಳು: "ನನ್ನ ಮಗಳ ಹೆಸರ ಒಮ್ಮೆರ ನಾಲ್ಕ ಮಂದಿ ಕಿವಿಲೆ ಕೇಳಬೇಕ್ರಿ ಆಯಿ. ಕೈಸನ್ನಿ ಬ್ಯಾಡ."

ಅಣ್ಣ ಒಂದು ವರ್ಷ ಕಾರ್ಡಿನ ಪೂಜೆ ಬಿಡೋಣ ಎಂದು ಕೇಳಿ ನೋಡಿದ. ಆಯಿ ಒಪ್ಪಲಿಲ್ಲ. ಆಗ ನಾನು ನನ್ನ ಬುದ್ಧಿ ಖರ್ಚು ಮಾಡಿದೆ. ನಿನ್ನೆ ಪೂಜೆಗೆ ಮುಂಚೆ ಕಾಗದದ ಗಿರಿಗಿಟ್ಲೆ ಮೂರು ಮಾಡಿ ಫ್ಯಾನುಗಳ ಮೇಲೆ ಅಂಟಿಸಿ, ದೇವರ ಜಗಲಿಯ ಬಟ್ಟೆಯ ಕೆಳಗೆ ಮಲಗಿ, ಕೊಳವೆಯಿಂದ ಊದುತ್ತಾ ಬಿದ್ದಿದ್ದೆ. ತಿರುಗುವುದು ಮುಖ್ಯ ತಾನೆ, ಯಾವುದರಿಂದ ತಿರುಗಿದರೇನು? ಆಯಿ ಆರತಿ ತಟ್ಟೆ ಹಿಡಿದು ಬಂದರು, ಬಟ್ಟೆ ಎತ್ತಿ ನೋಡಿದರು. "ಎಷ್ಟೊತ್ತಂತ ಊದತೀಯೇ? ಎದ್ದು ಬಾ, ಮಾರಿ ಬದನಿಕಾಯಿ ಆಗೇತಿ," ಅಂದರು. ನಾನು ಎದ್ದು ಬಂದು ಸಿಟ್ಟಿನಲ್ಲಿ, ಸತ್ತವನ ಹುಚ್ಚಿಗೆ ಹುಟ್ಟಿದ ಕೂಸಿನ ಹೆಸರು ಬಲಿ ಕೊಡಬೇಕೇ ಎಂದು ಕೇಳಿದೆ. ಆಯಿಗೆ ಸಿಟ್ಟು ಬರಲಿಲ್ಲ, ಅದೇ ನನ್ನನ್ನು ಸೋಲಿಸಿದ್ದು. "ನಮ್ಮ ಸಲುವಾಗಿ ಅಂತ ತಂದಿಟ್ಟಾನವಾ ಅವ," ಅಂದರು. "ನಮ್ಮನ್ನ ನೋಡಲಾರದ ನೆನಸಿದವನಿಗೆ ಬ್ಯಾಡ ಅನ್ನೂದು ಹ್ಯಾಂಗ?"

ಸ್ವಿಚ್ ಹಾಕಿದರು. ಮೂರೂ ಫ್ಯಾನು ಎದ್ದವು. ಪೂಜೆ ಮುಗಿಯುವ ಹೊತ್ತಿಗೆ ಕಿವಿಗೋಡೆ ಮಾಗಿದ ನಿಂಬೆಹಣ್ಣಾಗಿತ್ತು. ಲೆಕ್ಕ ಹಾಕಿದರೆ ನಾಳೆ ಜೋಗುಳಕ್ಕಿಲ್ಲ, ಗುದ್ದಿಗಿಲ್ಲ. ಒಂದು ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳುವಷ್ಟು ಮಾತ್ರ ಉಳಿದಿದೆ. ಅಷ್ಟಾದರೂ ಉಳಿಯಿತಲ್ಲ ಎಂದು ವೈನಿ ಕಣ್ಣೊರೆಸಿಕೊಂಡಳು.

ಈಗ ಹೇಳಿ, ನಾನು ನಿಮಗೆ ಕಾಗದ ಬರೆಯದೆ ಇನ್ನಾರಿಗೆ ಬರೆಯಲಿ? ಆದ್ದರಿಂದ ಕಿವಿಗೊಟ್ಟು ಕೇಳಬೇಕು. ಮೊದಲನೆಯದಾಗಿ ನಿಮಗೆ ಕಾರ್ಡೇ ಬೇಕೋ ಬೇಡವೋ ನೋಡಿಕೊಳ್ಳಿ. ಎಷ್ಟೋ ಪ್ರೊಸೆಸರುಗಳ ಒಳಗೇ ಚಿತ್ರ ತೋರಿಸುವಷ್ಟು ತಾಕತ್ತು ಇರುತ್ತದೆ, ಒಂದು ವಾರ ಅದರಲ್ಲೇ ಕೆಲಸ ಮಾಡಿ ನೋಡಬಹುದು. ಬೇಕೇ ಬೇಕೆಂದರೆ, ಡಬ್ಬಿಯ ಮೇಲಿನ ಹುಲಿ-ಸಿಂಹ-ಡ್ರ್ಯಾಗನ್ ಚಿತ್ರ ನೋಡಬೇಡಿ, ಎಷ್ಟು ವಾಟ್ ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವುದನ್ನು ನೋಡಿ. ಫ್ಯಾನು ತಿರುಗುವುದು ಬಿಸಿಯನ್ನು ಹೊರಗೆ ಹಾಕಲಿಕ್ಕೆ. ಬಿಸಿಯಾಗುವುದು ವಾಟ್ ತಿಂದದ್ದಕ್ಕೆ. ಕಡಿಮೆ ತಿನ್ನುವವನು ಕಡಿಮೆ ತೇಗುತ್ತಾನೆ. ಎಪ್ಪತ್ತೈದು ವಾಟಿನೊಳಗಿನ ಕಾರ್ಡುಗಳು ಕೂತ ಜಾಗದಿಂದಲೇ ಕರೆಂಟು ಎಳೆದುಕೊಳ್ಳುತ್ತವೆ, ಬೇರೆ ವೈರು ಸಾಮಾನ್ಯವಾಗಿ ಕೇಳುವುದಿಲ್ಲ, ಅವಕ್ಕಾಗಿ ದೊಡ್ಡ ಪವರ್ ಸಪ್ಲೈ ಕೊಳ್ಳುವ ಗೋಜೂ ಇಲ್ಲ. ನೀವು ಕತ್ತರಿಸುವುದು ಮದುವೆ ವಿಡಿಯೋ. ವಿಡಿಯೋ ಬಿಚ್ಚಿ ಕಟ್ಟುವ, ಅಂದರೆ ಡಿಕೋಡ್-ಎನ್‌ಕೋಡ್ ಮಾಡುವ ಭಾಗ ಕಾರ್ಡಿನೊಳಗೆ ಬೇರೆಯೇ ಇರುತ್ತದೆ. ಸಣ್ಣ ಕಾರ್ಡಿನಲ್ಲೂ ಅದು ಇದೆಯೇ ಎಂದು ಕೇಳಿ, ಇದ್ದರೆ ಮುಗಿಯಿತು. ಬೀಗತಿಯ ಸೀರೆಯ ಅಂಚು ತೋರಿಸಲು ಮೂರು ಫ್ಯಾನು ಬೇಕಾಗಿಲ್ಲ.

ಸಣ್ಣದು ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ತರಬೇಡಿ, ನಿಮ್ಮ ಸ್ವಭಾವ ಗೊತ್ತು. ಬೆರಳುದ್ದದ ಫ್ಯಾನು, ಹಪ್ಪಳದಂಥ ಲೋಹದ ತಗಡು ಇರುವ ಕಾರ್ಡು ವಾಟ್ ಕಡಿಮೆ ತಿಂದರೂ ಸೊಳ್ಳೆಯಂತೆ ಗುಂಯ್ ಎನ್ನುತ್ತದೆ. ಲೋಹ ದಪ್ಪಗಿರಲಿ, ಫ್ಯಾನು ಅಗಲವಾಗಿದ್ದು ನಿಧಾನ ತಿರುಗಲಿ. ಕೆಲಸವಿಲ್ಲದಾಗ ಫ್ಯಾನು ಪೂರ್ತಿ ನಿಲ್ಲುತ್ತದೆಯೇ ಎಂದು ಅಂಗಡಿಯವನನ್ನು ಕೇಳಿ. ಕೇಳಲು ನಾಚಿಕೆಯಾದರೆ ನನ್ನ ಹೆಸರು ಹೇಳಿ. ಇಷ್ಟು ಹೇಳಿದ ಮೇಲೂ ದೊಡ್ಡದನ್ನೇ ಹೊತ್ತು ತಂದರೆ, ಅದು ಎಷ್ಟು ವಾಟ್ ತಿನ್ನಬಹುದು ಎಂಬ ಮಿತಿಯನ್ನು ಸೆಟ್ಟಿಂಗಿನಲ್ಲಿ ಇಳಿಸಿ. ವೇಗ ಚೂರು ಇಳಿಯುತ್ತದೆ, ಬಿಸಿ ಬಹಳ ಇಳಿಯುತ್ತದೆ. ಆ ಸೆಟ್ಟಿಂಗನ್ನು ನೀವು ಜೀವಮಾನದಲ್ಲಿ ಒಮ್ಮೆಯೂ ತೆರೆಯಲಿಲ್ಲ ಎಂಬ ಸಂಗತಿ ನಮ್ಮ ಮನೆತನಕ್ಕೆಲ್ಲ ಗೊತ್ತಿದೆ.

ಗಂಗವ್ವನ ಕಥೆಗಳ ಗತಿ ಹೇಳುತ್ತೇನೆ ಎಂದಿದ್ದೆ. ಒಂದೂ ಹಾಳಾಗದೆ ಉಳಿದಿವೆ, ನಾವೆಲ್ಲ ಅವನ್ನು ಕಿವಿಯೊಳಗೆ ಇಟ್ಟುಕೊಂಡೇ ಬೆಳೆದಿದ್ದೇವೆ. ಆದರೆ ಪ್ರತಿ ಕಥೆಯ ಹಿಂದೆಯೂ ನಿಮ್ಮ ಫ್ಯಾನು. ನರಿಯ ಕಥೆಯಲ್ಲಿ ನರಿಗಿಂತ ಫ್ಯಾನಿನ ಮಾತೇ ಜಾಸ್ತಿ. ಚಿಕ್ಕವಳಿದ್ದಾಗ ನಾನು, ಕಥೆ ಎಂಬ ಊರಿನಲ್ಲಿ ಯಾವಾಗಲೂ ಬಿರುಗಾಳಿ ಬೀಸುತ್ತದೆ, ಅದಕ್ಕೇ ಅಲ್ಲಿಯವರೆಲ್ಲ ಗಂಟಲು ಏರಿಸಿ ಮಾತಾಡುತ್ತಾರೆ ಎಂದು ನಂಬಿದ್ದೆ. ಆಕೆಯ ದನಿ ಬಹಳ ಇಂಪಾಗಿತ್ತಂತೆ. ಅಂತೆ ಎನ್ನುತ್ತಿದ್ದೇನೆ ನೋಡಿ. ನಿಮಗೆ ಅದು ದಿನವೂ ಕೇಳುತ್ತಿದೆ, ನಿಮ್ಮ ಬೆನ್ನ ಹಿಂದೆಯೇ ಕೂತಿದ್ದಾಳೆ.

ನೀವು ನನ್ನ ಮಾತು ಕೇಳಿದಿರಾದರೆ ಆ ಯಂತ್ರ ನಮ್ಮ ಜಗಲಿಯಿಂದ ಮಾಯವಾಗಬೇಕು, ನಿನ್ನೆಯ ಖರ್ಚು ಖರ್ಚಾಗಿಯೇ ಇರಬಾರದು, ಕಿವಿಗೋಡೆ ಹಸಿರಾಗಬೇಕು. ಈ ವಾಕ್ಯ ಬರೆದು ತಲೆ ಎತ್ತಿ ನೋಡಿದೆ. ಇನ್ನೂ ಇದೆ, ಮಾಲೆ ಹಾಕಿಕೊಂಡು ಕೂತಿದೆ. ಅಂದರೆ ಇಷ್ಟು ಓದಿಯೂ ನೀವು ಮೂರು ಫ್ಯಾನಿನದರ ಕಡೆಗೇ ನೋಡುತ್ತಿದ್ದೀರಿ. ಏನು ಹೇಳಬೇಕು ನಿಮಗೆ? ನಮ್ಮನ್ನು ಕಾಣದೆಯೇ ನಮಗಾಗಿ ಏನಾದರೂ ಇಡಬೇಕೆಂಬ ಆಸೆ ಇದ್ದರೆ, ಆ ಕೋಣೆಯಲ್ಲಿ ಒಂದಿಷ್ಟು ನಿಶ್ಶಬ್ದ ಇಟ್ಟುಹೋಗಿ. ಅದು ಜಾಗ ಹಿಡಿಯುವುದಿಲ್ಲ, ವಿಭೂತಿ ಕೇಳುವುದಿಲ್ಲ, ನಮಗೆ ನಿಜಕ್ಕೂ ಬೇಕಾಗುತ್ತದೆ.

ಶರಣು ಮುತ್ಯಾ. ಇನ್ನು ನಿಲ್ಲಿಸುತ್ತೇನೆ. ಒಂದು ಸಣ್ಣ ಮಾತು ಮಾತ್ರ ಉಳಿದಿದೆ.

ಸೋದರತ್ತೆ ಬರಿಗೈಯಲ್ಲಿ ತೊಟ್ಟಿಲ ಹತ್ತಿರ ಹೋಗುವಂತಿಲ್ಲವಾದ್ದರಿಂದ ನಿನ್ನೆ ಸಂಜೆ ಕೂಸಿಗೆ ಆಟಿಕೆ ತರಲು ಪ್ಯಾಟಿಗೆ ಹೋಗಿದ್ದೆ. ಸದ್ದಿಲ್ಲದ ಬಟ್ಟೆ ಗಿಣಿ ತರಬೇಕೆಂದೇ ಹೋಗಿದ್ದು. ಅದರ ಪಕ್ಕದಲ್ಲಿ ಒಂದು ಗೆಜ್ಜೆ ಗಿಲಕಿ ಇತ್ತು, ನನ್ನ ಮೊಣಕೈ ಉದ್ದದ್ದು. ಕೂಸು ಬೆಳೆದ ಮೇಲೂ ಆಡಬಹುದಲ್ಲ ಎನ್ನಿಸಿತು. ಮನೆಗೆ ತಂದು, ಕೆಲಸ ಮಾಡುತ್ತದೋ ಇಲ್ಲವೋ ಎಂದು, ಯಾರೂ ಇಲ್ಲದಾಗ ಒಂದೇ ಒಂದು ಸಲ ಅಲ್ಲಾಡಿಸಿ ನೋಡಿದೆ. ಹೆಸರಿಗೆಂದು ಉಳಿದಿದ್ದದ್ದು ಅಷ್ಟಕ್ಕೇ ಮುಗಿಯಿತು. ಕಿವಿಗೋಡೆ ಕೆಂಪಿನ ಹೊಸ್ತಿಲಲ್ಲಿ ನಿಂತಿದೆ, ಅದರ ಮೇಲೆ ನಾನು ಟವೆಲ್ ಒಣಹಾಕಿದ್ದೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನೀವು ಸಣ್ಣ ಕಾರ್ಡ್ ತಂದರೆ ಹೇಳಬೇಕಾಗುವುದಿಲ್ಲ.