ಸುಮ್ಮನೆ ಸಾರುವೆ ಹತ್ತಿದವಳು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ

ಕಾಲು ಎತ್ತುವುದು, ಇಳಿಸುವುದು. ಮತ್ತೆ ಎತ್ತುವುದು. ಇವತ್ತು ಮೊಣಕಾಲು ಸ್ವಲ್ಪ ಮಾತು ಕೇಳಿತು. ಫಿಸಿಯೋ ಹುಡುಗಿ "ಇನ್ನೊಂದೇ ಸಲ" ಅನ್ನುತ್ತಾಳೆ. ಅವಳ ಲೆಕ್ಕದಲ್ಲಿ ಒಂದಾದ ಮೇಲೆ ಬರುವುದೂ ಒಂದೇ. ತಂಗಿ ಆಗಲೇ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಾಳೆ. ನಾನು ಬಿದ್ದಂದಿನಿಂದ ಮನೆ ನಡೆಯುತ್ತಿರುವುದು ಅವಳ ಕಾಲಿನ ಮೇಲೆ.

ಮಧ್ಯಾಹ್ನ

ವಕೀಲಮ್ಮನ ಫೋನು. ಪರಿಹಾರದ ಅರ್ಜಿಗೆ ಕಂಟ್ರಾಕ್ಟರ್ ಉತ್ತರ ಹಾಕಿದ್ದಾನಂತೆ. ಓದಿ ಹೇಳಿದರು. ನಾನು ಅವನ ಕೆಲಸದವಳೇ ಅಲ್ಲವಂತೆ. ಯಾರಿಗೋ ಊಟ ಕೊಡಲು ಬಂದವಳು, ಸುಮ್ಮನೆ ಕಟ್ಟಡಕ್ಕೆ ಕಟ್ಟಿದ ಸಾರುವೆ ಹತ್ತಿ ಬಿದ್ದೆನಂತೆ.

ಸುಮ್ಮನೆ! ಮೂರನೇ ಮಹಡಿಯ ಎತ್ತರಕ್ಕೆ, ಕೈಯಲ್ಲಿ ಬ್ರಷ್ಷು, ಪಕ್ಕದಲ್ಲಿ ಪೇಂಟ್ ಡಬ್ಬ... ಗಾಳಿ ಕುಡಿಯಲು ಹೋಗಿದ್ದೆ ನೋಡಿ! ಆ ಕಟ್ಟಡದ ಪೂರ್ವದ ಗೋಡೆ ಪೂರ್ತಿ ನಾನು ಬಳಿದದ್ದು. ನಿಂತ ಹಲಗೆಯನ್ನು ಕಂಬಕ್ಕೆ ಕಟ್ಟಿರಲಿಲ್ಲ. ಜಾರಿತು. ಸೇಫ್ಟಿ ಬೆಲ್ಟ್ ಕೊಡಿ ಅಂತ ಅದಕ್ಕೂ ಮೊದಲೇ ಬಾಯಿ ಬಡಿದುಕೊಂಡಿದ್ದೆ.

ಮೈಯೆಲ್ಲ ಉರಿಯುತ್ತಿದೆ. ಬರೀ ದುಡ್ಡು ಕೊಡಲ್ಲ ಅಂದಿದ್ದರೆ ಜಿಪುಣ ಅಂತ ಬೈದು ಸುಮ್ಮನಾಗುತ್ತಿದ್ದೆ. ಇದು ನನ್ನ ಎಂಟು ವರ್ಷದ ದುಡಿಮೆಯನ್ನೇ ಅಳಿಸಿಹಾಕುವ ಮಾತು. ಇವಳು ಇಲ್ಲಿ ಕೆಲಸ ಮಾಡುತ್ತಿದ್ದಳು ಅಂತ ಅವನು ಒಪ್ಪಿಕೊಳ್ಳಬೇಕು. ನನಗೆ ಅಷ್ಟೇ ಬೇಕು.

ಅಷ್ಟೇ ಅಲ್ಲ, ದುಡ್ಡೂ ಬೇಕು. ಯಾಕೆ ಬಿಡಲಿ?

ಮಾರ್ಚ್ 5, ಗುರುವಾರ

ಜೊತೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಫೋನ್ ಮಾಡಿದೆ, ಸಾಕ್ಷಿಗೆ ಬನ್ನಿ ಅಂತ. ಒಬ್ಬನದು ಸ್ವಿಚ್ ಆಫ್. ಗಾರೆಯವನು ಮಾತ್ರ ನಿಜ ಹೇಳಿದ. "ಅಕ್ಕಾ, ನನಗೂ ಮಕ್ಕಳಿದಾವೆ. ನಾಳೆ ಬರಬೇಡ ಅಂದ್ರೆ ಎಲ್ಲಿಗೆ ಹೋಗ್ಲಿ?" ಬೈಯಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ... ಗೊತ್ತಿಲ್ಲ.

ಸಂಜೆ ಇನ್ನೊಂದು ಸುದ್ದಿ. ಕಂಟ್ರಾಕ್ಟರ್ ಕಡೆಯ ಸಾಕ್ಷಿ ಯಾರು ಗೊತ್ತೇ? ನಮ್ಮ ಮೇಸ್ತ್ರಿ! ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು, ಬ್ರಷ್ ಹಿಡಿಯಲು ಕಲಿಸಿದವರು. ಬಿದ್ದ ದಿನ ಬೇರೆ ಯಾರಿಗೂ ಮುಟ್ಟಲು ಬಿಡದೆ ತಾವೇ ಎತ್ತಿ ವ್ಯಾನಿಗೆ ಹಾಕಿದವರು. ಅವರು ಬಂದು ಇವಳು ಯಾರೋ ಗೊತ್ತಿಲ್ಲ ಅನ್ನುತ್ತಾರಂತೆ.

ಅನ್ನುತ್ತಾನಂತೆ. ಇನ್ನು ಮೇಲೆ ಅವನಿಗೆ ಮರ್ಯಾದೆ ಇಲ್ಲ.

ಮಾರ್ಚ್ 12, ಗುರುವಾರ. ರಾತ್ರಿ ಊಟಕ್ಕೆ ಮೊದಲು

ಮೊದಲಿನಿಂದ ಬರೆಯಬೇಕು.

ಕಾರ್ಮಿಕ ಇಲಾಖೆಯ ವಿಚಾರಣೆಯ ಕೋಣೆ ಚಿಕ್ಕದು. ಬಾಗಿಲ ಹತ್ತಿರವೇ ಏಣಿ ಹಾಕಿಕೊಂಡು ಎಲೆಕ್ಟ್ರಿಷಿಯನ್ ಒಬ್ಬ ಟ್ಯೂಬ್‌ಲೈಟ್ ಬದಲಾಯಿಸುತ್ತಿದ್ದ. ಅಧಿಕಾರಿಗೆ ನೆಗಡಿ. ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಮೇಸ್ತ್ರಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. ಸುಳ್ಳಿಗೂ ಇಸ್ತ್ರಿ ಬೇಕಲ್ಲ.

ವಕೀಲಮ್ಮ ಕೇಳಿದರು: "ಇವರು ಯಾರು ಗೊತ್ತಾ?"

"ಇಲ್ಲ."

"ಸೈಟಲ್ಲಿ ಯಾವತ್ತಾದ್ರೂ ನೋಡಿದೀರಾ?"

"ಇಲ್ಲ ಮೇಡಂ. ಇವತ್ತೇ ನೋಡ್ತಿರೋದು."

ಗೋಡೆ ನೋಡುತ್ತ ಹೇಳಿದ. ನನಗೆ ಬೈಯಲು ಬಾಯಿ ತೆರೆದರೆ ಅಳುವೇ ಬರುತ್ತದೆ ಅನಿಸಿತು. ಅವನ ಮುಂದೆ ಅಳುವುದೇ? ಎದ್ದೆ. ಕೋಲು ಊರಿಕೊಂಡು ಬಾಗಿಲ ಕಡೆ ಹೊರಟೆ. ಕಣ್ಣೆಲ್ಲ ಮಂಜು. ಏಣಿಯ ಕೆಳಗೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ.

"ಏ ಮೆಣಸಿನಕಾಯಿ! ಏಣಿ ಕೆಳಗೆ ಯಾಕೆ ಸಾಯ್ತೀಯ? ಈಚೆ ಬಾ!"

"ಬಂದೆ ಮೇಸ್ತ್ರೀ!" ಅಂದು ಪಕ್ಕಕ್ಕೆ ಸರಿದೆ.

ಏಣಿಯ ಮೇಲಿದ್ದವನೂ ತಿರುಗಿ ನಮ್ಮಿಬ್ಬರನ್ನು ನೋಡಿದ.

ಸೈಟಿನಲ್ಲಿ ನನ್ನ ಹೆಸರೇ ಮೆಣಸಿನಕಾಯಿ. ಇಟ್ಟವನೂ ಅವನೇ. ಏಣಿ ಕೆಳಗೆ ಯಾರು ನಿಂತರೂ ಅವನು ಕೂಗದೆ ಬಿಟ್ಟವನಲ್ಲ. ಒಂದು ಸಲ ಕಟ್ಟಡದ ಮಾಲೀಕರ ಹೆಂಡತಿಗೇ ಹೀಗೆ ಕೂಗಿ ಬೈಸಿಕೊಂಡಿದ್ದ. ನಾವೂ ಅಷ್ಟೇ, ಅವನ ದನಿ ಕೇಳಿದರೆ ಕಾಲು ತಾನಾಗಿ ಸರಿಯುತ್ತದೆ, ಯೋಚನೆ ಆಮೇಲೆ ಬರುತ್ತದೆ.

ಅಧಿಕಾರಿ ಕರವಸ್ತ್ರ ಕೆಳಗಿಟ್ಟರು. "ಮೆಣಸಿನಕಾಯಿ ಯಾರ್ರೀ ಇಲ್ಲಿ?"

ಕಂಟ್ರಾಕ್ಟರ್ ಕಡೆಯ ವಕೀಲ ಎದ್ದ. ಫೈಲು ತಿರುವಿಹಾಕಿ ಮತ್ತೆ ಕೂತ. ಮೇಸ್ತ್ರಿ ಮೊದಲ ಸಲ ನನ್ನ ಕಡೆ ನೋಡಿದರು, ಕೋಲನ್ನೂ ನೋಡಿದರು.

"ಇವಳೇ ಸಾರ್. ಎಂಟು ವರ್ಷದಿಂದ ನನ್ನ ಕೈಕೆಳಗೆ ಇದ್ದವಳು. ಅವತ್ತು ಹಲಗೆ ಕಟ್ಟಿರಲಿಲ್ಲ. ಬೆಲ್ಟ್ ತರಿಸಿ ಅಂತ ನಾನೂ ಕೇಳಿದ್ದೆ, ತರಿಸಲಿಲ್ಲ. ಇನ್ನು ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

ಕಂಟ್ರಾಕ್ಟರ್ ಇಂಗು ತಿಂದ ಮಂಗನಂತೆ ಕೂತಿದ್ದ. ನಾನು ಅತ್ತೆ. ಅವರೆಲ್ಲರ ಮುಂದೆಯೇ, ಜೋರಾಗಿ, ನಾಚಿಕೆ ಬಿಟ್ಟು.

ಏಪ್ರಿಲ್ 16, ಗುರುವಾರ

ಗೆದ್ದೆ.

ಇನ್ನೊಮ್ಮೆ ಬರೆಯುತ್ತೇನೆ, ನನ್ನ ಪುಸ್ತಕ, ನನ್ನ ಪೆನ್ನು. ಗೆದ್ದೆ!

ನಾನು ಅಲ್ಲಿಯ ಕೆಲಸದವಳೇ. ಕೆಲಸ ಮಾಡುವಾಗಲೇ ಬಿದ್ದದ್ದು. ಪರಿಹಾರ ಕೊಡಬೇಕು, ಬಡ್ಡಿ ಸಮೇತ. ಆದೇಶ ಓದುವಾಗ ವಕೀಲಮ್ಮನ ದನಿಯೇ ಕುಣಿಯುತ್ತಿತ್ತು. ತಂಗಿ ಮೆಷಿನ್ ಬಿಟ್ಟು ಓಡಿ ಬಂದು ತಬ್ಬಿಕೊಂಡಳು. ಕೊರಳಲ್ಲಿದ್ದ ಟೇಪು ನನ್ನ ಕೊರಳಿಗೂ ಸುತ್ತಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಇಬ್ಬರಿಗೂ ನಗು.

ಸಂಜೆ ಗಾರೆಯವನ ಫೋನು. "ಅಕ್ಕಾ, ಇವತ್ತು ಸೈಟಿಗೆ ಬೆಲ್ಟ್ ಬಂತು. ಎಲ್ರಿಗೂ."

"ಹಾಕ್ಕೊಂಡಿದೀಯ ತಾನೇ?"

"ಊಟಕ್ಕೂ ಬಿಚ್ಚಿಲ್ಲ!"

ಫೋನ್ ಇಟ್ಟ ಮೇಲೂ ತುಂಬಾ ಹೊತ್ತು ನಗುತ್ತಿದ್ದೆ. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಜೂನ್ 8, ಸೋಮವಾರ

ಮೇಸ್ತ್ರಿ ಬಂದಿದ್ದರು. ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಅಂತ ನಾನೇ ಅನ್ನಬೇಕಾಯಿತು.

ಸಾಕ್ಷಿ ಹೇಳಿದ ಮಾರನೇ ದಿನವೇ ಕಂಟ್ರಾಕ್ಟರ್ ಇವರನ್ನು ಕೆಲಸದಿಂದ ತೆಗೆದಿದ್ದಾನೆ. ವಾಪಸ್ ಸೇರಿಸಿಕೊಳ್ಳಬೇಕು ಅಂತ ಇವರು ದೂರು ಕೊಟ್ಟರೆ ಅದಕ್ಕೆ ಉತ್ತರ ಬಂದಿದೆಯಂತೆ.

"ನಾನು ಅವನ ಕಡೆಯವನೇ ಅಲ್ವಂತೆ ಕಣೇ. ಬೇರೆ ಯಾರೋ ಕಳಿಸಿದವನಂತೆ."

ನಗಬಾರದಿತ್ತು. ನಕ್ಕುಬಿಟ್ಟೆ. "ಸುಳ್ಳು ಸಾಕ್ಷಿಗೆ ಮಾತ್ರ ಅವನ ಮೇಸ್ತ್ರಿ, ಕೆಲಸಕ್ಕೆ ಅಲ್ಲ!" ಅವರೂ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

"ಸಾಕ್ಷಿಗೆ ಯಾರೂ ಸಿಗ್ತಿಲ್ಲ. ನಿನ್ನ ಕೇಳೋಕೆ ನನಗೆ ಮುಖ ಇಲ್ಲ."

ಟೀ ಕುಡಿದು ಮುಗಿಸುವವರೆಗೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಕಾಯಲಿ ಅನಿಸಿತು. ಮನುಷ್ಯಳಲ್ಲವೇ ನಾನೂ. ಆಮೇಲೆ "ಬರ್ತೀನಿ" ಅಂದೆ.

ಅವರು ಹೋದ ಮೇಲೆ ತಂಗಿ ಮುಖ ಊದಿಸಿಕೊಂಡಳು. "ಗೊತ್ತೇ ಇಲ್ಲ ಅಂದವರಿಗೆ ನೀನು ಹೋಗ್ತೀಯಾ?"

ಹೋಗುತ್ತೇನೆ. ಅವತ್ತು ಅವರಿಗೆ ಹೊಟ್ಟೆಪಾಡಿನ ಭಯ ಇತ್ತು. ನನಗೆ ಈಗ ಯಾರ ಭಯ?

ಜೂನ್ 15, ಸೋಮವಾರ. ಬೆಳಿಗ್ಗೆ ಒಂಬತ್ತು

ಹೊಸ ಚಪ್ಪಲಿ. ಕೋಲು ಬೇಡ ಅನಿಸಿತ್ತು, ಆದರೂ ಇರಲಿ. ಅದೇ ಕೋಣೆ, ಅದೇ ಅಧಿಕಾರಿಯಂತೆ. ಕಂಟ್ರಾಕ್ಟರೂ ಬರುತ್ತಾನೆ, ಬರಲಿ. ಇವರು ನಿಮಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ, ಮೆಲ್ಲಗೆ ಮಾತಾಡಿ ಅಂದಿದ್ದಾರೆ ವಕೀಲಮ್ಮ. ಕನ್ನಡಿ ಮುಂದೆ ಹೇಳಿ ನೋಡಿದೆ. ಮೆಲ್ಲಗೆ ಬರುತ್ತಿಲ್ಲ. "ಸಾರ್, ಇವರು ನಮ್ಮ ಮೇಸ್ತ್ರಿ. ನಾನು ಆ ಸೈಟಿನ ಪೇಂಟರ್. ಎಂಟು ವರ್ಷ ಇವರ ಕೈಕೆಳಗೇ ಇದ್ದೆ, ನನ್ನ ಕಣ್ಣಾರೆ—" ಆಟೋ ಬಂತು, ತಂಗಿ ಕೂಗುತ್ತಿದ್ದಾಳೆ.