ಸುಣ್ಣ ಒಲ್ಲದ ಗಿಡ

ಮಾದಾಪುರ, 9 ಮಾರ್ಚ್ 1953. ಬೆಳಿಗ್ಗೆ 7

ಹೀದರ್ ಗಿಡಕ್ಕೆ ಎರಡು ಚೊಂಬು ಬಾವಿ ನೀರು. ತುದಿ ಇನ್ನೂ ಹಳದಿ. ಹೋದ ವಾರದ ಒಂದು ಹಿಡಿ ಸುಣ್ಣ ಸಾಲಲಿಲ್ಲವೇನೋ — ಇನ್ನೊಂದು ಹಿಡಿ ಹಾಕಿದೆ. ಮೂವತ್ತೊಂದು ವರ್ಷ ಎಸ್ಟೇಟಿನ ರೈಟರಾಗಿ ಲೆಕ್ಕ ಬರೆದು, ಕಾಫಿಗೆ ಸುಣ್ಣ ಹಾಕಿಸಿದವನು. ಕಾಫಿಗೆ ಹಿಡಿಸಿದ್ದು ಇದಕ್ಕೆ ಹಿಡಿಸದೇ...

ಗಿಡ ಎಸ್ಟೇಟಿನ ದೊರೆಸಾನಿಯದು. ಅವರ ದೇಶದ ಬೆಟ್ಟದ್ದು. ಮೊಣಕಾಲೆತ್ತರ, ಸೂಜಿಯಂಥ ಎಲೆ. ಬಂಗಲೆ ಮಾರಿ ಹೊರಟಾಗ ನನ್ನ ಹೆಂಡತಿ ಸಿದ್ದಮ್ಮನ ಕೈಗೆ ಕೊಟ್ಟು ಹೋದರು. ಇವಳು ನಾಲ್ಕು ವರ್ಷ ಸಾಕಿದಳು. ಒಂದೂ ಹೂ ಬಿಡಲಿಲ್ಲ. ಕಳೆದ ಕಾರ್ತಿಕದಲ್ಲಿ ಇವಳೇ ಹೋದಳು. ಇವಳು ಕಾಣದ ಹೂವನ್ನು ನಾನು ಕಾಣಲೇಬೇಕು. ಡಿಟರ್ಮಿನೇಷನ್. ಕಾಲೇಜಿನಲ್ಲಿ ಕಲಿತದ್ದರಲ್ಲಿ ಉಳಿದಿರುವ ದೊಡ್ಡ ಪದ ಇದೊಂದೇ.

ಈಗಿನ ರೈಟರು ಕುಟ್ಟಪ್ಪ ಸೈಕಲ್ ನಿಲ್ಲಿಸಿ, "ಏನ್ ರೈಟರೇ, ಪೊರಕೆ ಕಡ್ಡಿ ಬೆಳೀತಿದ್ದೀರಾ? ಒಂದು ಕಟ್ಟು ಆಫೀಸಿಗೂ ಕೊಡಿ" ಎಂದ. ಚೊಂಬು ಎತ್ತಿಕೊಂಡು ಒಳಗೆ ಬಂದೆ.

17 ಮಾರ್ಚ್

ಎಲೆ ಉದುರುತ್ತಿದೆ. ಮುಟ್ಟಿದರೆ ಉದುರುತ್ತದೆ. ಪಕ್ಕದ ಮನೆಯ ಮುದ್ದಿ ತೋಟದಲ್ಲಿ ಕಾಫಿ ಪಿಕಿಂಗ್ ಮುಗಿಸಿ ಬಂದವಳು ಕುಂಡದ ಮುಂದೆ ಕೂತುಬಿಟ್ಟಳು.

"ಅಣ್ಣ, ಇದಕ್ಕೆ ಸುಣ್ಣ ಹಾಕಿದ್ಯಾರು?"

"ನಾನೇ. ಯಾಕೆ?"

"ಅಯ್ಯೋ ಶಿವನೇ! ಸಿದ್ದಕ್ಕ ಎಲೆಯಡಿಕೆ ಹಾಕ್ಕೊಂಡ್ರೆ ಬೆರಳು ತೊಳೀದೆ ಈ ಗಿಡ ಮುಟ್ತಿರ್ಲಿಲ್ಲ. ನೀವು ನೋಡಿದ್ರೆ ಇಲ್ಲೂ ಬಳ್ದಿದ್ದೀರ!"

ಕುಂಡದ ಅಂಚು ತೋರಿಸಿದಳು. ಸಾಲುಸಾಲು ಬಿಳಿ ಗೆರೆ. ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಹಚ್ಚಿ, ಬೆರಳಲ್ಲಿ ಉಳಿದ ಸುಣ್ಣ ಒರೆಸಲು ಅದೇ ಹತ್ತಿರ. ನಾಲ್ಕು ತಿಂಗಳಿಂದ, ದಿನಕ್ಕೆ ಆರೇಳು ಸಲ.

"ಅವಳಿಗೆ ಯಾರು ಹೇಳಿದ್ದು?"

"ದೊರೆಸಾನಿ ಕೈಸನ್ನೆ ಮಾಡಿ ಹೇಳ್ಕೊಟ್ಟಿದ್ರು. ಕಾಗದಾನೂ ಬರ್ಕೊಟ್ಟಿದ್ರು. ನಿಮ್ಮ ಕೈಲಿ ಓದಿಸ್ತೀನಿ ಅಂತಿದ್ರು ಸಿದ್ದಕ್ಕ."

ಸಿದ್ದಮ್ಮ ತಂದಿದ್ದಳು. ಎರಡು ಸಲ. ನಾಳೆ ನೋಡೋಣ ಅಂದಿದ್ದೆ.

ಅದೇ ದಿನ, ಸಂಜೆ 4

ಕಾಗದ ಸಿಕ್ಕಿತು. ಟ್ರಂಕಿನಲ್ಲಿ, ಸೀರೆಗಳ ಕೆಳಗೆ. ಮಂಗಳೂರಿನ ಕಾಲೇಜು, ಎರಡು ವರ್ಷ, ಫೇಲು — ಆ ಇಂಗ್ಲಿಷಿನಲ್ಲಿ ಓದಲು ಒಂದು ಗಂಟೆ ಹಿಡಿಯಿತು. ಸುಣ್ಣ ಎಂದೆಂದಿಗೂ ಕೂಡದು. ಮಳೆನೀರು ಮಾತ್ರ. ಬೆಟ್ಟದ ಕಪ್ಪು ಮಣ್ಣು. ಬೇರು ಕದಲಿಸಿ ಮಣ್ಣು ಬದಲಿಸಿದರೆ ಆ ವರ್ಷದ ಮೊಗ್ಗನ್ನೆಲ್ಲ ಚಿವುಟಬೇಕು. ಇಲ್ಲದಿದ್ದರೆ ಹೂ ಬಿಡುವುದರಲ್ಲೇ ಶಕ್ತಿ ಕಳೆದುಕೊಂಡು ಗಿಡ ಸಾಯುತ್ತದೆ.

ಪ್ಯಾಸಿವ್ ವಾಯ್ಸ್‌ನಲ್ಲಿ ಬರೆದರೆ ಕೊಂಚ ಮರ್ಯಾದೆ. ಲೈಮ್ ವಾಸ್ ಗಿವನ್ — ಸುಣ್ಣ ಹಾಕಲಾಯಿತು. ಯಾರು ಕೊಟ್ಟರು ಎಂದು ಹೇಳಬೇಕಾಗಿಲ್ಲ.

ಎಲೆಯಡಿಕೆ ಇವತ್ತಿಗೆ ಬಂದ್.

20 ಮಾರ್ಚ್

ಕೋಟೆಬೆಟ್ಟ ಹತ್ತಿದೆ. ಅರವತ್ತಾರು ವರ್ಷದ ಮಂಡಿ. ಮುದ್ದಿ ಕುಕ್ಕೆ ಹೊತ್ತು ಮುಂದೆ, ನಾನು ದೊಣ್ಣೆಯೂರಿ ಹಿಂದೆ. ಜರಿಗಿಡದ ಬುಡದಿಂದ ಕಪ್ಪು ಮಣ್ಣು ತುಂಬಿಕೊಂಡೆವು. ದಾರಿಯಲ್ಲಿ ಕುಟ್ಟಪ್ಪ ಸಿಕ್ಕಿ, "ಊರಲ್ಲಿ ಮಣ್ಣಿಗೂ ರೇಷನ್ನಾ?" ಎಂದ. "ಹೌದು, ನಿನ್ನ ತಲೇಲಿ ತುಂಬಿದ್ದು ಸಾಲಲಿಲ್ಲ" ಎಂದಳು ಮುದ್ದಿ.

ಕುಂಡ ಒಡೆದೆ. ಬೇರು ತೊಳೆಯಬೇಕು. ಸಿದ್ದಮ್ಮನ ಪೀಪಾಯಿಯ ತಳದಲ್ಲಿ ಹಳೆಯ ಮಳೆನೀರು ಒಂದು ಕೊಡದಷ್ಟು ಉಳಿದಿತ್ತು. ಬಾವಿ ಇರುವಾಗ ಇದೇಕೆ ಎಂದು ನಗುತ್ತಿದ್ದೆ ಆಗ... ಅದರಲ್ಲೇ ತೊಳೆದೆ. ಆರು ಕವಲಲ್ಲಿ ನಾಲ್ಕು ಒಣಗಿವೆ. ಕತ್ತರಿಸಿದೆ. ಎರಡು ಸಾಕು. ಹೊಸ ಕುಂಡಕ್ಕೆ ಬೆಟ್ಟದ ಮಣ್ಣು ತುಂಬಿ ನೆಟ್ಟೆ.

28 ಮಾರ್ಚ್

ಕಾಫಿ ಮೊಗ್ಗು ಬಿರಿಸುವ ಹೂಮಳೆ ಬಂತು. ಎಲ್ಲರೂ ಕಾಫಿ ಹೂವಿನ ಲೆಕ್ಕದಲ್ಲಿ. ನಾನು ಹಂಡೆ, ಕೊಳಗ, ತಪ್ಪಲೆ, ಕೊನೆಗೆ ಉಪ್ಪಿನಕಾಯಿ ಭರಣಿ — ಸೂರಿನಡಿ ಸಾಲಾಗಿ. ಪೂರ್ತಿ ನೆನೆದೆ. ಒಂದು ಸೀನೂ ಬರಲಿಲ್ಲ.

30 ಜೂನ್

ಜಡಿಮಳೆ. ಕುಂಡ ಜಗಲಿಯ ಒಳಗೆ. ಸತ್ತಿಲ್ಲ. ಬದುಕಿದೆ ಎನ್ನಲೂ ಆಗದು. ದಿನವೂ ಉಗುರಲ್ಲಿ ತೊಗಟೆ ಕೆರೆದು ಹಸಿರಿದೆಯೇ ನೋಡುತ್ತಿದ್ದೆ. ಮುದ್ದಿ ಗದರಿದ ಮೇಲೆ ವಾರಕ್ಕೊಮ್ಮೆ.

14 ಸೆಪ್ಟೆಂಬರ್

ಚಿಗುರು! ಎರಡು ಕವಲಲ್ಲೂ.

6 ಡಿಸೆಂಬರ್

ಮೊಗ್ಗು. ಕನ್ನಡಕ ಒರೆಸಿ ಮೂರು ಸಲ ನೋಡಿದೆ. ಮೊಗ್ಗೇ. ಕಾಗದ ತೆಗೆದು ಮತ್ತೆ ಓದಿದೆ — ಬೇರೆ ಅರ್ಥ ಹೊರಡಬಹುದೇನೋ ಎಂದು. ಹೊರಡಲಿಲ್ಲ. ಚಿವುಟುತ್ತೇನೆ ಎಂದದ್ದಕ್ಕೆ ಮುದ್ದಿ ಸೊಂಟಕ್ಕೆ ಕೈಯಿಟ್ಟಳು.

"ಸಿದ್ದಕ್ಕ ನಾಲ್ಕು ವರ್ಷ ಕಾದಿದ್ದು ಇದಕ್ಕೇ ಅಲ್ವಾ ಅಣ್ಣ? ಬಿಡ್ಲಿ ಬಿಡಿ."

"ಗಿಡ ಹೋಗ್ತದೆ ಮುದ್ದಿ."

"ಹೋದ್ರೆ ಹೋಗ್ಲಿ! ಮುಂದಿನ ವರ್ಷ ನೀವೇ ಇರ್ತೀರೋ ಇಲ್ವೋ!"

"ಇರ್ತೀನಿ."

ದನಿ ಜೋರಾಯಿತು. ದನ ಕಟ್ಟುತ್ತಿದ್ದವರು ತಿರುಗಿ ನೋಡಿದರು.

8 ಡಿಸೆಂಬರ್. ಬೆಳಿಗ್ಗೆ 9

ಕೂತೇಬಿಟ್ಟೆ. ಕತ್ತರಿ ಬೇಡ, ಉಗುರು ಸಾಕು. ಮುದ್ದಿ ಕಂಬಕ್ಕೆ ಒರಗಿ ಬೈಯುತ್ತ ನಿಂತಿದ್ದಳು. ಹತ್ತು ಮೊಗ್ಗಿನವರೆಗೆ ಬೈದಳು. ಮೂವತ್ತಾದ ಮೇಲೆ ಪಕ್ಕಕ್ಕೆ ಬಂದು ಕವಲೊಂದನ್ನು ಎತ್ತಿ ಹಿಡಿದು, "ಇಲ್ಲೊಂದು ಬಿಟ್ರಿ" ಎಂದಳು.

ಎಲೆಯ ಮರೆಯಲ್ಲಿತ್ತು. ಅರ್ಧ ಬಿರಿದಿತ್ತು. ಇದೊಂದು ಇರಲಿ ಅನ್ನಿಸಿತು. ಮುದ್ದಿಯ ಮುಖ ನೋಡಿದೆ. ಅವಳು ಕವಲನ್ನು ನನ್ನ ಕಡೆಗೆ ಬಾಗಿಸಿದಳು.

ಚಿವುಟಿದೆ.

ಈಗ ಈ ಪುಟದ ಮೇಲಿದೆ. ಅಕ್ಕಿಕಾಳಿಗಿಂತ ಕೊಂಚ ದಪ್ಪ. ಪುಟ್ಟ ಗಂಟೆಯ ಹಾಗೆ. ತಿಳಿ ನೇರಳೆ, ಸಿದ್ದಮ್ಮ. ಬಾಯಿಯ ಅಂಚಿನಲ್ಲಿ ಮಾತ್ರ ತೆಳುವಾದ ಬಿಳಿ ಗೆರೆ.